ನಮ್ಮಕ್ಕನ ಮೇಷ್ಟ್ರು

ನಾನು ನಿಂತಿದ್ದು ಗುಡ್ಡದ ನೆತ್ತಿಯ ಬಂಡೆಯ ಮೇಲೆ, ಊರಿನ ಕಡೆಗೆ ಮುಖ ಮಾಡಿ. ಕಾಲ ಬುಡದಿಂದ ಸ್ವಲ್ಪವೇ ಕೆಳಗೆ, ಬಂಡೆ ಮುಗಿದು ಮಣ್ಣು ಶುರುವಾಗುವಲ್ಲಿ, ನಾನೇ ನೆಟ್ಟು ಸುಣ್ಣ ಬಳಿದಿದ್ದ ಗೂಟಗಳ ಸಾಲಿತ್ತು. ಬೆನ್ನ ಹಿಂದೆ, ಗುಡ್ಡದ ಆಚೆ ಮಗ್ಗುಲಲ್ಲಿ, ಕಲ್ಲು ಗಣಿ. ಹಸ್ತ ಮಳೆ ಹಿಡಿದಿದ್ದ ವಾರ. ಆ ದಿನ ಬೆಳಿಗ್ಗೆ ಮಳೆ ಬಿಟ್ಟು ಬಿಸಿಲು ಬಂದಿತ್ತು. ಮಧ್ಯಾಹ್ನದ ಬ್ಲಾಸ್ಟ್ ಮುಗಿದಿತ್ತು. ಇನ್ನು ಭಯವಿಲ್ಲ ಎಂದು ಊದುವ ಉದ್ದನೆಯ ಸೈರನ್ ಕೂಡ ಆಗಷ್ಟೇ ನಿಂತಿತ್ತು. ಕೆಳಗೆ, ಹಳ್ಳದ ಆ ದಡದಲ್ಲಿದ್ದ ಹಾಲಿನ ಡೇರಿಯ ಜಗಲಿಯಲ್ಲಿ ಸೇರಿದ್ದ ಜನ ಮನೆಗೆ ಹೋಗಲು ಮೆಟ್ಟಿಲಿಳಿಯುತ್ತಿದ್ದರು. ಎಲ್ಲರಿಗಿಂತ ಮುಂದೆ ನಮ್ಮಕ್ಕ ಇದ್ದಳು.

ನಿಂತ ಜಾಗವನ್ನು ಇಷ್ಟು ಖಚಿತವಾಗಿ ಹೇಳಲು ಕಾರಣವಿದೆ. ಆ ದಿನದ ಕಥೆಯನ್ನು ಮರಳವಾಡಿ ಕಡೆ ಎಲ್ಲರೂ ಹೇಳುತ್ತಾರೆ. ಆದರೆ ಎಲ್ಲರೂ ಅದನ್ನು ಡೇರಿಯ ಜಗಲಿಯಿಂದ ಹೇಳುತ್ತಾರೆ. ಮೇಲಿನಿಂದ ನೋಡಿದವನು ನಾನೊಬ್ಬ. ಆ ಕಥೆಯ ನಡುವೆ ನಿಲ್ಲುವ ಮನುಷ್ಯ ಹೋದ ತಿಂಗಳು ಚನ್ನಪಟ್ಟಣದಲ್ಲಿ ತೀರಿಕೊಂಡರು. ಅವರ ಬಗ್ಗೆ ಒಳ್ಳೆಯ ಮಾತು ಬರೆಯಲು ಅವರ ಶಿಷ್ಯರು ಬೇಕಾದಷ್ಟು ಮಂದಿ ಇದ್ದಾರೆ. ನಾನು ಕಂಡಷ್ಟನ್ನು ಬರೆಯುತ್ತೇನೆ. ಅವರ ಮೇಲೆ ನನಗೆ ಹೊಟ್ಟೆಕಿಚ್ಚಿತ್ತು. ಅದು ಈಗಲೂ ಇದೆ. ಸತ್ತವರ ಮೇಲೂ ಅದು ಉಳಿಯುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಹಾರೋಹಳ್ಳಿ ಸುತ್ತ ಕಾರ್ಖಾನೆಗಳ ಜಾಗ ಹಬ್ಬುತ್ತಿದ್ದ ಕಾಲ ಅದು. ರಾಮನಗರ ಆಗಿನ್ನೂ ಜಿಲ್ಲೆಯಾಗಿರಲಿಲ್ಲ. ಎಲ್ಲಿ ನೋಡಿದರೂ ಶೆಡ್ಡು, ಕಾಂಪೌಂಡು, ರಸ್ತೆ; ಅದಕ್ಕೆಲ್ಲ ಜಲ್ಲಿ ಬೇಕು. ಹಾಗಾಗಿ ಮರಳವಾಡಿ ಆಚೆಯ ಆ ಗುಡ್ಡಕ್ಕೆ ಒಂದು ಕಂಪನಿ ಬಂತು. ಗುಡ್ಡದ ಆಚೆ ಮಗ್ಗುಲಲ್ಲಿ ಕಲ್ಲು ಸಿಡಿಸಿ ಕ್ರಷರ್‌ಗೆ ಹಾಕುತ್ತಿದ್ದರು. ಕಲ್ಲಿನ ಮೇಲಿದ್ದ ಮಣ್ಣನ್ನೆಲ್ಲ ಕೆರೆದು ಈಚೆ ಮಗ್ಗುಲಿಗೆ ತಂದು ಸುರಿದಿದ್ದರು. ಆ ಮಣ್ಣಿನ ರಾಶಿ ಗುಡ್ಡದ ಇಳಿಜಾರಿನ ಮೇಲೆ ಇನ್ನೊಂದು ಗುಡ್ಡದಂತೆ ಕೂತಿತ್ತು. ಅದರ ಕೆಳಗೆ ಒಂದು ದೊಡ್ಡಿ: ಹತ್ತಾರು ಮನೆ, ಹಿಪ್ಪುನೇರಳೆ ತೋಟ, ರೇಷ್ಮೆ ಹುಳ ಸಾಕುವ ಮನೆಗಳು. ನಮ್ಮಕ್ಕ ಜಯಮ್ಮನನ್ನು ಕೊಟ್ಟಿದ್ದು ಆ ದೊಡ್ಡಿಗೆ. ನಾವು ಮಾಗಡಿ ತಾಲೂಕಿನ ಕಲ್ಯದವರು. ನಾನು ಕಂಪನಿಯಲ್ಲಿ ಸರ್ವೆಯರ್ ಕೆಲಸಕ್ಕೆ ಸೇರಿದ್ದೇ ಅಕ್ಕನ ಊರಿಗೆ ಹತ್ತಿರವೆಂದು. ಭಾವ ತೀರಿಕೊಂಡಿದ್ದರು, ಒಬ್ಬಳೇ ಮಗಳು ಮದುವೆಯಾಗಿ ಹೋಗಿದ್ದಳು. ಅವಳನ್ನು ನೋಡಿಕೊಳ್ಳುವವನು ನಾನು ಎಂದು ನಾನು ತಿಳಿದುಕೊಂಡಿದ್ದೆ.

ಮಣ್ಣು ಜಾರುತ್ತಿದೆ ಎಂಬುದನ್ನು ಮೊದಲು ಕಂಡವನು ನಾನು. ಯುಗಾದಿ ಕಳೆದ ಮೇಲೆ ರಾಶಿಯ ಮೇಲಂಚಿನಲ್ಲಿ ಒಂದು ಸಣ್ಣ ಬಿರುಕು ಕಾಣಿಸಿತು. ಅದರ ಎರಡೂ ಬದಿಗೆ ಗೂಟ ನೆಟ್ಟು, ಪ್ರತಿ ಬ್ಲಾಸ್ಟ್ ಆದ ಮೇಲೆ ಟೇಪು ಹಿಡಿದು ಅಳೆಯುತ್ತಿದ್ದೆ. ಪ್ರತಿ ಸಲವೂ ಒಂದಿಷ್ಟು ಅಗಲವಾಗಿರುತ್ತಿತ್ತು. ಅದನ್ನು ಮ್ಯಾನೇಜರಿಗೆ ಒಂದು ಹಾಳೆಯಲ್ಲಿ ಬರೆದು ಕೊಟ್ಟೆ. ಅವರು ಅದರ ಮೇಲೆ ಟೀ ಲೋಟ ಇಟ್ಟರು. ಅಕ್ಕನಿಗೂ ಹೇಳಿದೆ. ಅವಳು ಸೊಪ್ಪು ಕತ್ತರಿಸುತ್ತಲೇ, "ಕಂಪ್ನಿ ಸಂಬಳ ತಿನ್ನೋನು ನೀನು, ನೀನೇ ಹೋಗಿ ನಿಲ್ಸು" ಎಂದಳು.

ಅಷ್ಟರಲ್ಲಿ ಗೋಡೆ ಬಿರುಕು ಬಿಡುತ್ತಿವೆ ಎಂದು ದೊಡ್ಡಿಯವರು ಗಲಾಟೆ ಮಾಡಿದರು. ನೆಲ ಎಷ್ಟು ನಡುಗುತ್ತದೆಂದು ಅಳೆಯಲು ಕಂಪನಿ ರಾಮನಗರದ ಕಾಲೇಜೊಂದರಿಂದ ಭೂವಿಜ್ಞಾನದ ಮೇಷ್ಟ್ರೊಬ್ಬರನ್ನು ಕರೆಸಿತು. ಅವರೇ ಇವರು.

ಬಣ್ಣ ಮಾಸಿದ ನೀಲಿ ಸ್ಕೂಟರಿನಲ್ಲಿ ಬಂದರು. ಕಂಪನ ಅಳೆಯುವ ಪೆಟ್ಟಿಗೆಯನ್ನು ಮುಂದೆ ಕಾಲಿನ ನಡುವೆ, ಮಗುವನ್ನು ನಿಲ್ಲಿಸಿಕೊಂಡ ಹಾಗೆ ನಿಲ್ಲಿಸಿಕೊಂಡಿದ್ದರು. ಗಣಿಗೆ ಬಂದವರು ಯಾರಾದರೂ ಮೊದಲು ಆಫೀಸಿಗೆ ಹೋಗುತ್ತಾರೆ. ಇವರು ನೇರ ದೊಡ್ಡಿಗೆ ಹೋಗಿ, ಹುಣಸೆ ಮರದ ಕೆಳಗೆ ಸ್ಕೂಟರ್ ನಿಲ್ಲಿಸಿ, ಅಲ್ಲಿ ಕೂತಿದ್ದ ಮುದುಕರ ಹತ್ತಿರ ಎಲೆ ಅಡಿಕೆ ಕೇಳಿ ಹಾಕಿಕೊಂಡರು. ಸಂಜೆ ನಾನು ಅಕ್ಕನ ಮನೆಗೆ ಹೋಗುವ ಹೊತ್ತಿಗೆ ದೊಡ್ಡಿಯಲ್ಲಿ ಅರ್ಧ ಜನರ ಹೆಸರು ಅವರಿಗೆ ಬರುತ್ತಿತ್ತು. ನನಗೆ ಇಷ್ಟು ವರ್ಷಗಳಲ್ಲಿ ಅಷ್ಟು ಹೆಸರು ಬರುತ್ತಿರಲಿಲ್ಲ.

ಚನ್ನಪಟ್ಟಣದಲ್ಲಿ ಬೊಂಬೆ ಕಡೆಯುವವರ ಮನೆಯಲ್ಲಿ ಹುಟ್ಟಿದವರು. ಏನನ್ನೇ ಮಾತಾಡುವ ಮುಂಚೆ ಎದುರಿಗಿದ್ದ ವಸ್ತುವಿನ ಮೇಲೆ ಅಂಗೈ ಇಡುವ ಅಭ್ಯಾಸ ಅವರಿಗಿತ್ತು. ಗೋಡೆಯಾಗಲಿ, ಬಂಡೆಯಾಗಲಿ, ಹೋಟೆಲಿನ ಮೇಜಾಗಲಿ. "ನಮ್ಮಪ್ಪಂದು ಗೌಡ್ರೇ ಇದು. ಮರ ತಿರುಗೋವಾಗ ಕೈ ಇಟ್ಟು ನೋಡೋರು, ಎಲ್ಲಿ ನಡುಗ್ತದೆ ಅಂತ. ನನಗೆ ಬೊಂಬೆ ಮಾಡೋಕೆ ಬರ್ಲಿಲ್ಲ, ಕೈ ಇಡೋದೊಂದು ಬಂತು" ಎಂದು ನನಗೆ ಒಮ್ಮೆ ಹೇಳಿದ್ದರು. ಅಂಗಿ ಜೇಬಿನಲ್ಲಿ ಬಾಚಣಿಗೆ ಇರುತ್ತಿತ್ತು. ಬ್ಲಾಸ್ಟ್ ಆದ ತಕ್ಷಣ ಬೇರೆಯವರು ಯಂತ್ರ ನೋಡುತ್ತಿದ್ದರೇನೋ, ಇವರು ಮೊದಲು ತಲೆ ಬಾಚಿಕೊಳ್ಳುತ್ತಿದ್ದರು. ಆಮೇಲೆ ಯಂತ್ರ.

ಅವರ ಕುಂದುಗಳನ್ನೂ ಹೇಳಬೇಕು. ಪೆಟ್ಟಿಗೆಯ ಬ್ಯಾಟರಿ ಚಾರ್ಜ್ ಮಾಡುವುದನ್ನು ಮರೆತು ಬರುತ್ತಿದ್ದರು. ನನ್ನ ಪೆನ್ನು ಇಸಿದುಕೊಂಡು ವಾಪಸ್ ಕೊಡುತ್ತಿರಲಿಲ್ಲ. ನನ್ನ ಅಳತೆಯಲ್ಲಿ ಅರ್ಧ ಬೆರಳು ಇದ್ದದ್ದು ಅವರ ಬಾಯಲ್ಲಿ ಒಂದು ಬೆರಳಾಗುತ್ತಿತ್ತು. ಎದುರಿಗೆ ಅವರನ್ನು ಸರ್ ಎನ್ನುತ್ತಿದ್ದೆ; ಮನಸ್ಸಿನಲ್ಲಿ ಏಕವಚನ. ಇಬ್ಬರದೂ ಹೆಚ್ಚುಕಡಿಮೆ ಒಂದೇ ವಯಸ್ಸು. ಅವರು ಓದಿದ ವಿಷಯವನ್ನೇ ನಾನೂ ಡಿಗ್ರಿಯಲ್ಲಿ ಓದಿದ್ದೆ.

ಮ್ಯಾನೇಜರ ಕೋಣೆಯಲ್ಲಿ ನಡೆದದ್ದು ಇದು. ಗುಡ್ಡದ ನೆತ್ತಿಯಲ್ಲಿ ನಡುಕ ಬುಡಕ್ಕಿಂತ ಹೆಚ್ಚಿರುತ್ತದೆ ಎಂದು ನಾನು ಆ ಹಾಳೆಯಲ್ಲೇ ಬರೆದಿದ್ದೆ. ಅದನ್ನು ಮ್ಯಾನೇಜರ್ ಓದಿರಲಿಲ್ಲ. ಮೇಷ್ಟ್ರು ಮೇಜಿನ ಮೇಲೆ ಅಂಗೈ ಇಟ್ಟು, "ಸರ್, ಕನಕಪುರ ಬಸ್ಸಲ್ಲಿ ಹಿಂದಿನ ಸೀಟಲ್ಲಿ ಕೂತಿದ್ದೀರಾ?" ಎಂದರು.

"ಯಾವಾಗಲೋ ಕೂತಿದ್ದೆ. ಯಾಕ್ರೀ?"

"ಡ್ರೈವರ್ ಹತ್ರ ಕೂತೋನಿಗೆ ಗುಂಡಿ ಗೊತ್ತಾಗಲ್ಲ. ಹಿಂದೆ ಕೂತೋನು ಟಾಪಿಗೆ ತಲೆ ಹೊಡ್ಕೋತಾನೆ. ಗುಡ್ಡದ ನೆತ್ತಿ ಅಂದ್ರೆ ಹಿಂದಿನ ಸೀಟು. ನೀವು ಆ ಸೀಟಲ್ಲಿ ಲೋಡುಗಟ್ಟಲೆ ಮಣ್ಣು ಕೂರಿಸಿದ್ದೀರಿ, ಸೀಟ್ ಬೆಲ್ಟೂ ಇಲ್ಲ."

ಮ್ಯಾನೇಜರ್ ಹೊಟ್ಟೆ ಹಿಡಿದುಕೊಂಡು ನಕ್ಕರು. ಬೋಂಡಾ ತರಿಸಿದರು. ಕಲ್ಲು ಸಿಡಿಸಲು ಕೊರೆಯುವ ಕುಳಿಗಳ ಆಳ ಕಡಿಮೆ ಮಾಡಲು, ಕುಳಿಗೆ ತುಂಬುವ ಮದ್ದು ತಗ್ಗಿಸಲು, ಮಳೆಗಾಲ ಮುಗಿದ ಕೂಡಲೇ ಮಣ್ಣಿನ ರಾಶಿ ಎತ್ತಿಸಲು ಒಪ್ಪಿದರು. ಮೇಷ್ಟ್ರು ಹೊರಡುವಾಗ ನನ್ನ ಹೆಗಲ ಮೇಲೆ ಕೈ ಹಾಕಿ, "ನಾನು ಹೇಳೋಕೆ ಮುಂಚೆನೇ ಗೂಟ ನೆಟ್ಟಿದ್ದಾರೆ ಸರ್ ಗೌಡ್ರು. ಇಂಥೋರು ಸಿಗೋದು ಕಷ್ಟ" ಎಂದರು. ಹೊಗಳಿಕೆಯೇ. ಆದರೆ ಅದು ಮೇಷ್ಟ್ರು ಹುಡುಗನ ಬೆನ್ನು ತಟ್ಟಿದ ಹಾಗಿತ್ತು. ನನ್ನ ಪಾಲಿನ ಬೋಂಡಾವನ್ನು ತಟ್ಟೆಯಲ್ಲೇ ಬಿಟ್ಟು ಗೂಟ ಅಳೆಯಲು ಹೋದೆ.

ಒಂದನ್ನು ಮಾತ್ರ ಮ್ಯಾನೇಜರ್ ಒಪ್ಪಲಿಲ್ಲ. ಮಳೆಯ ದಿನಗಳಲ್ಲಿ ಬ್ಲಾಸ್ಟ್ ಆದ ಮೇಲೆ ಎರಡನೇ ಸೈರನ್ನನ್ನು ತಡವಾಗಿ ಊದಿಸಿ ಎಂದು ಮೇಷ್ಟ್ರು ಕೇಳಿದ್ದರು. ಮ್ಯಾನೇಜರ್ ಕೈ ಆಡಿಸಿ, "ಬೇಗ ಊದಿ ಅಂತ ಕೇಳಿರೋರು ದೊಡ್ಡಿಯವರೇ ರೀ" ಎಂದರು. ಅದು ನಿಜ. ಮೊದಲ ಸೈರನ್ ಆದಾಗ ಎಲ್ಲರೂ ಹಳ್ಳ ದಾಟಿ ಡೇರಿಯ ಜಗಲಿಗೆ ಹೋಗಬೇಕು. ಕಲ್ಲು ಹಾರಿ ಬಂದು ಬೀಳುವ ಭಯಕ್ಕೆ ಮಾಡಿದ ಏರ್ಪಾಡು. ಆದರೆ ಹುಳದ ಮನೆ ಬಿಟ್ಟು ಯಾರಿಗೆ ನಿಲ್ಲಲು ಆಗುತ್ತದೆ? ಸೊಪ್ಪು ಹಾಕಬೇಕು, ಕಸ ತೆಗೆಯಬೇಕು, ಹುಳ ಗೂಡು ಕಟ್ಟುವಾಗ ಥಂಡಿ ತಾಗದ ಹಾಗೆ ಇದ್ದಿಲು ಕುಂಡ ನೋಡಿಕೊಳ್ಳಬೇಕು. ಢಂ ಎಂದು ಕಲ್ಲು ಬಿದ್ದು ಮುಗಿದರೆ ಭಯವೂ ಮುಗಿಯಿತು ಎಂದು ದೊಡ್ಡಿಯವರೇ ತೀರ್ಮಾನಿಸಿ, ಸೈರನ್ ಬೇಗ ಊದಿಸಿಕೊಂಡಿದ್ದರು.

ಇನ್ನು ಹುಳದ ಮನೆಯ ವಿಷಯ. ಅಕ್ಕನ ಹುಳದ ಮನೆಯೊಳಗೆ ಹೊರಗಿನವರನ್ನು ಬಿಡುವುದಿಲ್ಲ. ನನ್ನನ್ನೂ ಬಿಡುತ್ತಿರಲಿಲ್ಲ, ನಾನು ಬೀಡಿ ಸೇದುತ್ತೇನೆ, ಹೊಗೆಸೊಪ್ಪಿನ ಕೈ ಹುಳಕ್ಕೆ ಆಗುವುದಿಲ್ಲ. ಆ ಬಾಗಿಲ ಹೊರಗೆ ನಿಂತೇ ನಾನು ಅಕ್ಕನ ಜೊತೆ ಮಾತಾಡುತ್ತಿದ್ದೆ. ಮೇಷ್ಟ್ರು ಬೀಡಿ ಸೇದುವವರಲ್ಲ, ಆದರೆ ಅತ್ತರು ಪ್ರಿಯರು. ಹುಳಕ್ಕೆ ವಾಸನೆಯೂ ಆಗದು ಎಂದು ಯಾರೋ ಹೇಳಿದ ಮೇಲೆ, ದೊಡ್ಡಿಗೆ ಬರುವ ದಿನ ಅವರು ಅತ್ತರು ಹಾಕುವುದನ್ನೇ ಬಿಟ್ಟರು. ಹೊಸ್ತಿಲಲ್ಲಿ ಹರಡಿದ ಸುಣ್ಣದ ಪುಡಿಯ ಮೇಲೆ ಕಾಲಿಟ್ಟು, ಕೈ ತೊಳೆದು, ಪೆಟ್ಟಿಗೆ ಒರೆಸಿಕೊಂಡು ಒಳಗೆ ಹೋದರು. ನಾನು ಕಿಟಕಿಯ ಬಲೆಯ ಆಚೆಯಿಂದ ಕೇಳಿಸಿಕೊಳ್ಳುತ್ತಿದ್ದೆ.

"ಏನ್ ಮೇಷ್ಟ್ರೇ, ನಿಮ್ ಡಬ್ಬಿ ಏನಂತದೆ?"

"ಡಬ್ಬಿ ಇರ್ಲಿ ಜಯಕ್ಕಾ, ನಿಮ್ ಹುಳ ಏನಂತವೆ?"

"ಢಂ ಅಂದ್ರೆ ಸಾಕು, ಮೇಯಾದ್ ಬುಟ್ಟು ಎಲ್ಲಾವೂ ತಲೆ ಎತ್ಕಂಡು ನಿಂತ್ಕತವೆ. ಇಸ್ಕೂಲ್ ಮಕ್ಕಳಂಗೆ."

"ನಮ್ ಕಾಲೇಜ್ ಹುಡುಗ್ರಿಗಿಂತ ವಾಸಿ ಬುಡಿ. ಅವು ನಾನ್ ಎಷ್ಟ್ ಕೂಗಾಡುದ್ರೂ ತಲೆ ಎತ್ತಾಕಿಲ್ಲ."

ಅಕ್ಕ ನಕ್ಕಳು. ಭಾವ ಹೋದ ಮೇಲೆ ಆ ನಗು ನಾನು ಕೇಳಿರಲಿಲ್ಲ. ಕಿಟಕಿಯ ಆಚೆ ನಿಂತು ನಾನು ಬೀಡಿ ಹಚ್ಚಿದೆ, ಆಮೇಲೆ ಜ್ಞಾಪಕ ಬಂದು ಆರಿಸಿದೆ.

ಹೊರಗೆ ಬಂದ ಮೇಲೆ ಅವರು ಅಕ್ಕನ ಹತ್ತಿರ ಮೊರವನ್ನೂ ರಾಗಿಯನ್ನೂ ಕೇಳಿದರು.

"ಯಾಕೆ, ಮುದ್ದೆಗಾ? ಹಿಟ್ಟೇ ಐತಲ್ಲ."

"ಮುದ್ದೆ ಆಮೇಲೆ. ಈಗ ಪಾಠ."

ಮೊರವನ್ನು ಜಗಲಿ ಕಲ್ಲಿಗೆ ಓರೆಯಾಗಿ ಒರಗಿಸಿ, ಮೇಲಂಚಿನಲ್ಲಿ ರಾಗಿ ಸುರಿದರು. ರಾಗಿ ಜಾರದೆ ನಿಂತಿತು. ಮೊರದ ಬೆನ್ನಿಗೆ ಬೆರಳ ಗೆಣ್ಣಿನಿಂದ ಒಮ್ಮೆ ತಟ್ಟಿದರು. ರಾಗಿ ಒಂದಿಷ್ಟು ಕೆಳಗೆ ಜಾರಿ ಮತ್ತೆ ನಿಂತಿತು. ಇನ್ನೊಮ್ಮೆ ತಟ್ಟಿದರು.

"ನೋಡಿ ಜಯಕ್ಕ. ತಟ್ಟಿದಷ್ಟೊತ್ತು ಜಾರ್ತು, ನಿಲ್ಸುದ್ರೆ ನಿಂತ್ಕತು. ಮತ್ತೆ ಮೇಲಕ್ಕೇನಾರ ಹತ್ತುತಾ?"

"ರಾಗಿಗೇನ್ ಕಾಲೈತಾ ಮೇಷ್ಟ್ರೇ, ಮೇಲಕ್ ಹತ್ತಾಕೆ?"

"ಅದೇ ಮತ್ತೆ. ದಿನಾ ಒಂದ್ ಢಂ, ದಿನಾ ಒಸಿ ಜಾರ್ತದೆ. ನಿಂತೈತೆ ಅಂತ ನೀವು ಮಲಗ್ತೀರಿ. ಇದು ಒಣ ರಾಗಿ. ನೆಂದ್ರೆ ಏನಾಯ್ತದೆ, ಬನ್ನಿ."

ಬಚ್ಚಲ ನೀರು ಹೋಗುವಲ್ಲಿ ಮರಳು ನೆಂದು ಗಟ್ಟಿಯಾಗಿ ಕೂತಿತ್ತು. ಅದರ ಮೇಲೆ ನಿಂತು ಹಿಮ್ಮಡಿಯಿಂದ ತಟತಟನೆ ಕುಟ್ಟಿದರು. ಒಳಗಿನ ನೀರು ಉಕ್ಕಿ ಮೇಲೆ ಬಂತು, ಗಟ್ಟಿ ಮರಳು ಅಂಬಲಿಯಂತಾಗಿ ಹಿಮ್ಮಡಿ ಒಳಕ್ಕಿಳಿಯಿತು.

"ಒಣಗಿದ್ದಾಗ ಕಾಳು ಕಾಳು ಒಂದನ್ನೊಂದು ಹಿಡ್ಕಂಡಿರ್ತವೆ. ನೆಂದಾಗ ಅಲ್ಲಾಡುಸುದ್ರೆ ನಡುವೆ ಸಿಕ್ಕೊಂಡಿರೋ ನೀರು ಅವನ್ನ ದೂರ ತಳ್ತದೆ. ಢಂ ಅನ್ನಾದು ನಿಂತೋಗಿರ್ತದೆ, ಮಣ್ಣು ಒಳಗೊಳಗೇ ಕೈ ಬುಟ್ಟಿರ್ತದೆ. ಬೀಳಾದು ಅದಕ್ಕೆ ಪುರುಸೊತ್ತಾದಾಗ. ಹಾರೋ ಕಲ್ಲು ಸೈರನ್ ಮಾತು ಕೇಳ್ತದೆ ಜಯಕ್ಕ. ಮಣ್ಣು ಕೇಳಾಕಿಲ್ಲ."

ಅಕ್ಕ ತಾನೂ ಆ ಮರಳಿನ ಮೇಲೆ ಒಂದು ಸಲ ಹಿಮ್ಮಡಿ ಕುಟ್ಟಿ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, "ನೀನ್ಯಾಕ್ಲಾ ಹಿಂಗೆ ಹೇಳ್ಲಿಲ್ಲ?" ಎಂದಳು.

"ಯುಗಾದಿಯಿಂದ ಹೇಳ್ತಾನೇ ಇದೀನಲ್ಲಕ್ಕ."

"ನೀನು ಬೆರಳು, ಅರ್ಧ ಬೆರಳು ಅಂತಿದ್ದೆ. ಬೆರಳು ಕಟ್ಕಂಡು ನಾನೇನ್ ಮಾಡ್ಲಿ?"

"ಗೌಡ್ರ ಬೆರಳು ಇಲ್ದಿದ್ರೆ ನಂಗೇನ್ ಗೊತ್ತಾಯ್ತಿತ್ತು ಜಯಕ್ಕಾ" ಎಂದರು ಮೇಷ್ಟ್ರು. ಅಕ್ಕ ಅದನ್ನು ಕೇಳಿಸಿಕೊಳ್ಳಲಿಲ್ಲ. ಆಗಲೇ ಮುದ್ದೆಗೆ ನೀರಿಡಲು ಒಳಗೆ ಹೋಗಿದ್ದಳು.

ಅಕ್ಕ ಮಾತು ಕೊಟ್ಟಳು, ಅವರಿಗೆ. ಆಗ ಕೈಯಲ್ಲಿದ್ದ ಬೆಳೆ ಗೂಡಾಗಲಿ, ಬಿಡಿಸಿಕೊಂಡು ಹಳ್ಳದ ಆಚೆಯ ತೋಟದ ಶೆಡ್ಡಿಗೆ ಹೋಗುತ್ತೇನೆ ಎಂದು. ಈಗಲೇ ಹೊರಡಿ ಎಂದು ಅವರು ಕೇಳಿಕೊಂಡರು. ನಾನೂ ಹೇಳಿದೆ. ಅವಳು ಒಪ್ಪಲಿಲ್ಲ. ಹುಳ ಆಗಲೇ ಮೇವು ಬಿಟ್ಟು ಹಣ್ಣಾಗತೊಡಗಿದ್ದವು; ಹಣ್ಣಾದ ಹುಳವನ್ನು ಚಂದ್ರಿಕೆ ಎಂಬ ಬಿದಿರಿನ ತಟ್ಟಿಗೆ ಬಿಟ್ಟ ಮೇಲೆ, ಗೂಡು ಕಟ್ಟಿ ಮುಗಿಯುವವರೆಗೆ ಅದನ್ನು ಅಲುಗಾಡಿಸುವಂತಿಲ್ಲ. ನಮ್ಮ ಸೀಮೆಯಲ್ಲಿ ಯಾರೂ ಅಲುಗಾಡಿಸುವುದಿಲ್ಲ. ಹಾಗಾಗಿ ಗೂಡು ಬಿಡಿಸುವವರೆಗೆ ಮಣ್ಣು ನಿಂತರೆ ಅಕ್ಕ ಉಳಿದಳು ಎನ್ನುವಷ್ಟಕ್ಕೆ ವಿಷಯ ಬಂದು ನಿಂತಿತು. ಅಷ್ಟರಲ್ಲಿ ಹಸ್ತ ಮಳೆ ಶುರುವಾಯಿತು.

ಆ ದಿನ ನಾನು ಬಂಡೆಯಿಂದ ಒಂದು ಹೆಜ್ಜೆ ಇಳಿದು ಗೂಟಗಳನ್ನು ನೋಡಿದೆ. ಸಾಲು ಪೂರ್ತಿ ಊರಿನ ಕಡೆಗೆ ಬಾಗಿತ್ತು. ಹಿಂದಿನ ದಿನ ಹೆಬ್ಬೆರಳು ಹೋಗುವಷ್ಟಿದ್ದ ಬಿರುಕಿನಲ್ಲಿ ಈಗ ಪಾದ ಇಳಿಯುವಂತಿತ್ತು. ಬಿರುಕಿನ ಆಚೆಯ ಮಣ್ಣು ಮೆಟ್ಟಿಲಿನಂತೆ ಕೆಳಗೆ ಕುಸಿದು ಕೂತಿತ್ತು. ಇದಕ್ಕಿಂತ ನನ್ನನ್ನು ಹೆದರಿಸಿದ್ದು ಇನ್ನೊಂದು. ಪ್ರತಿ ಬ್ಲಾಸ್ಟ್ ಆದ ಮೇಲೂ ಬಿರುಕಿನ ಅಂಚಿನಿಂದ ಪುಡಿ ಮಣ್ಣು ಉದುರುತ್ತಿತ್ತು, ಸ್ವಲ್ಪ ಹೊತ್ತಿಗೆ ನಿಲ್ಲುತ್ತಿತ್ತು. ಅಂದು ನಿಲ್ಲಲಿಲ್ಲ. ಸೈರನ್ ಮುಗಿದ ಮೇಲೂ ಉದುರುತ್ತಲೇ ಇತ್ತು, ಹಿಟ್ಟಿನ ಗಿರಣಿಯಲ್ಲಿ ಬೀಳುವ ಹಾಗೆ, ಒಂದೇ ಸಮನೆ.

ನಾನು ಮತ್ತೆ ಬಂಡೆ ಹತ್ತಿ ಕೂಗಿದೆ. ಸೈರನ್ ನಿಂತ ಕೂಡಲೇ ಕ್ರಷರ್ ಶುರು ಮಾಡಿದ್ದರು. ನನ್ನ ಕೂಗು ನನಗೇ ಕೇಳಿಸಲಿಲ್ಲ. ಎರಡೂ ಕೈ ಬೀಸಿದೆ. ಡೇರಿಯ ಕಾರ್ಯದರ್ಶಿ ಶಿವಲಿಂಗಯ್ಯ ನನ್ನನ್ನು ನೋಡಿ ತಾನೂ ಕೈ ಬೀಸಿದ. ಅಂಗಿ ಬಿಚ್ಚಿ ಬೀಸಿದೆ. ಬಿಸಿಲು ಬಂದಿದೆ, ನೆಂದ ಅಂಗಿ ಒಣಗಿಸುತ್ತಿದ್ದಾನೆ ಎಂದುಕೊಂಡೆ ಎಂದು ಅಕ್ಕ ಆ ಸಂಜೆಯೇ ಹೇಳಿದಳು. ಅವಳು ಹಳ್ಳದ ಮೋರಿಯ ಕಡೆಗೆ ಬಿರಬಿರನೆ ನಡೆಯುತ್ತಿದ್ದಳು. ಹುಳದ ಮನೆಯಲ್ಲಿ ಇದ್ದಿಲು ಕುಂಡ ಉರಿಯುತ್ತಿತ್ತು.

ಮೇಷ್ಟ್ರು ಡೇರಿಯ ಗೋಡೆ ಬದಿಯಲ್ಲಿದ್ದರು. ಅಂದು ಪೆಟ್ಟಿಗೆಯನ್ನು ಅಲ್ಲಿ ಇಟ್ಟು ಅಳೆದು, ಮತ್ತೆ ಸ್ಕೂಟರಿಗೇರಿಸಿದ್ದರು. ಬಾಚಣಿಗೆ ತೆಗೆದು ತಲೆಗೆ ಇ‌ಟ್ಟದ್ದನ್ನು ನಾನು ಮೇಲಿನಿಂದ ಕಂಡೆ. ಆಗ ಅವರು ತಲೆ ಎತ್ತಿದರು. ಅಷ್ಟು ದೂರದಿಂದ ಮುಖ ಕಾಣುವುದಿಲ್ಲ. ಕೈ ತಲೆಯ ಮೇಲೆಯೇ ನಿಂತದ್ದು ಕಂಡಿತು. ಮುಂದಿನ ಗಳಿಗೆಯಲ್ಲಿ ಅವರು ಸ್ಕೂಟರನ್ನು ತಳ್ಳಿಕೊಂಡು ಓಡುತ್ತಿದ್ದರು. ಹತ್ತಿ ಸ್ಟಾರ್ಟ್ ಮಾಡಲಿಲ್ಲ, ತಳ್ಳಿಕೊಂಡೇ ಓಡಿದರು. ಅಕ್ಕನನ್ನು ದಾಟಿ ಮೋರಿಯ ಬಾಯಿಗೆ ಅದನ್ನು ಅಡ್ಡ ಕೆಡವಿದರು. ಪೆಟ್ಟಿಗೆ ಜಾರಿ ಹಳ್ಳಕ್ಕೆ ಬಿತ್ತು. ಹಳ್ಳ ತುಂಬಿ ಹರಿಯುತ್ತಿದ್ದುದರಿಂದ ಆ ಮೋರಿ ಬಿಟ್ಟರೆ ದೊಡ್ಡಿಗೆ ಬೇರೆ ದಾರಿ ಇರಲಿಲ್ಲ.

ಅಲ್ಲಿ ನಡೆದ ಮಾತು ನನಗೆ ಕೇಳಿಸಿದ್ದಲ್ಲ. ಕೆಲವನ್ನು ಅಕ್ಕ ಹೇಳಿದಳು, ಕೆಲವನ್ನು ಅವರು.

"ಏ ಮೇಷ್ಟ್ರೇ, ತಲೆಗಿಲೆ ಕೆಟ್ಟೈತಾ? ತೆಗೀರಿ ಗಾಡಿಯ! ಒಳಗೆ ಕುಂಡ ಉರೀತಾ ಐತೆ."

"ಉರೀಲಿ."

"ಹುಳ ಸುಟ್ಟೋಯ್ತವೆ!"

"ಹೋಗ್ಲಿ."

"ಹೋಗ್ಲಿ ಅನ್ನಾಕೆ ನಿಮ್ಮಪ್ಪನ ಮನೆ ಹುಳವಾ ಅವು? ತೆಗೀತೀರೋ, ಇಲ್ಲ ಎತ್ತಿ ಹಳ್ಳಕ್ಕೆ ಎಸೀಲೋ?"

ಹಿಂದಿದ್ದ ಹೆಂಗಸರೂ ಸೇರಿಕೊಂಡರು. ಗಂಡಸೊಬ್ಬ ಸ್ಕೂಟರಿನ ಹ್ಯಾಂಡಲ್ ಹಿಡಿದು ಎತ್ತಲು ಬಗ್ಗಿದ. ಆಗ ಮೇಷ್ಟ್ರು ಸ್ಕೂಟರಿನ ಮೇಲೆಯೇ ಕೂತುಬಿಟ್ಟು ಹೇಳಿದ ಮಾತು ಇದು. ಇದನ್ನು ನನಗೆ ಹೇಳಿದವರು ಅವರೇ.

"ಜಯಕ್ಕಾ, ನನ್ ಬೈಯಾದು ಆಮೇಲೆ. ಒಂದ್ಸಲ ಮೇಲೆ ನೋಡಿ. ನಿಮ್ ತಮ್ಮ ಅಂಗಿ ಬಿಚ್ಕಂಡು ಕುಣೀತಾವ್ರೆ. ಕಾಲರ್ ಗುಂಡಿ ಬಿಚ್ಚಾಕೂ ನಾಚ್ಕೊಳೋ ಮನುಷ್ಯ ಅವ್ರು. ನಿಮ್ ಜನ್ಮದಾಗೆ ಯಾವತ್ತಾರ ಹಂಗೆ ನೋಡಿದ್ರಾ?"

ಅಕ್ಕ ಮೇಲೆ ನೋಡಿದಳು. ಇದನ್ನು ನಾನು ಕಣ್ಣಾರೆ ಕಂಡೆ. ಅವಳ ಮುಖ ನನ್ನ ಕಡೆಗೆ ತಿರುಗಿತು, ಅವಳು ನಿಂತಳು, ಹಿಂದಿನವರೂ ನಿಂತರು.

ಆಗ ಮಣ್ಣು ಹೋಯಿತು. ಮೊದಲಿಗೆ ಸದ್ದಿರಲಿಲ್ಲ. ರಾಶಿಯ ಮೇಲೆ ಬೆಳೆದಿದ್ದ ಜಾಲಿ ಗಿಡಗಳು ನೆಟ್ಟಗೆ ನಿಂತ ಹಾಗೆಯೇ, ಒಂದಕ್ಕೊಂದು ದೂರವಾಗದೆ, ಕೆಳಗೆ ಸಾಗಿದವು. ಅರ್ಧ ದಾರಿಯಲ್ಲಿ ಮಣ್ಣು ಒಡೆದು ಅಂಬಲಿಯಂತೆ ಹರಡಿತು. ಆಮೇಲೆ ಸದ್ದು ಬಂತು. ಅದು ನನ್ನ ಕಾಲಿನಿಂದ ಹೊಟ್ಟೆಗೆ ಏರಿತು. ಅಕ್ಕನ ಹುಳದ ಮನೆಯ ತಗಡು ಮಡಚಿಕೊಂಡಿತು, ನಾವು ಕಾಗದ ಮಡಚುವ ಹಾಗೆ, ಮತ್ತೆ ಕಾಣಲಿಲ್ಲ. ಅದರ ಪಕ್ಕದ ಎರಡು ಮನೆ ಹೋದವು. ಕೊಟ್ಟಿಗೆಯೊಂದರಲ್ಲಿ ಕಟ್ಟಿದ್ದ ಎಮ್ಮೆ ಹೋಯಿತು. ಮೋರಿಯ ಈ ಕಡೆ, ದೊಡ್ಡಿಯಲ್ಲಿ, ಒಬ್ಬರೂ ಇರಲಿಲ್ಲ. ನಾನು ಅಂಗಿಯನ್ನು ಇನ್ನೂ ಬೀಸುತ್ತಲೇ ಇದ್ದೆ. ಯಾವಾಗ ನಿಲ್ಲಿಸಿದೆನೋ ಗೊತ್ತಿಲ್ಲ. ಈಗಲೂ ಮಳೆಗಾಲದಲ್ಲಿ ದೂರದಲ್ಲಿ ಲಾರಿ ಹೋದರೆ ನನಗೆ ಮೊದಲು ಕಾಲಿನಲ್ಲಿ ತಿಳಿಯುತ್ತದೆ.

ಕಂಪನಿಯ ಮೇಲೆ ವಿಚಾರಣೆ ನಡೆಯಿತು, ಗಣಿ ನಿಂತಿತು. ಅಧಿಕಾರಿಗಳ ಮುಂದೆ ಮೇಷ್ಟ್ರು, "ನಾನು ನಿಲ್ಲಿಸಿದ್ದು ಜನರನ್ನ. ಕಂಡೋರು ಗೌಡ್ರು. ಅವರು ಹಾಗೆಲ್ಲ ಕೈ ಬೀಸೋರಲ್ಲ ಅಂತ ನಂಗೆ ಗೊತ್ತಿತ್ತು, ಅಷ್ಟೇ ನಂದು" ಎಂದು ಹೇಳಿದರು. ಅಲ್ಲಿದ್ದವರು ಅದನ್ನು ಅವರ ದೊಡ್ಡತನ ಎಂದುಕೊಂಡರು. ದೊಡ್ಡಿಯಲ್ಲಿ ಕಥೆ ಬೆಳೆಯಿತು. ಮೋರಿಗೆ ಅಡ್ಡ ಬಿದ್ದ ಸ್ಕೂಟರ್ ಉಳಿಯಿತು, ಅಕ್ಕನ ಬೈಗುಳ ಉಳಿಯಿತು. ಗುಡ್ಡದ ಮೇಲಿನ ಅಂಗಿ ಒಂದೊಂದೇ ಬಾಯಿಂದ ಬಿದ್ದುಹೋಯಿತು. ಕೆಲವು ತಿಂಗಳ ಮೇಲೆ ನಾನು ಅಕ್ಕನನ್ನೇ ಕೇಳಿದೆ: ಅವರು ಮೇಲೆ ನೋಡು ಎಂದರಲ್ಲವೇ, ನೀನು ನೋಡಿದೆಯಲ್ಲವೇ?

"ಅಂದ್ರೋ ಏನೋ ಕಣ್ಲಾ. ಆ ಗಾಬರೀಲಿ ನಂಗೆಲ್ಲಿ ಜ್ಞಾಪ್ಕ. ಮೇಷ್ಟ್ರು ಅಡ್ಡ ಬಂದ್ರು, ಅಷ್ಟ್ ಗೊತ್ತು."

ಮುಂದಿನ ಗೌರಿ ಹಬ್ಬಕ್ಕೆ ನಾನು ಎಂದಿನಂತೆ ಅಕ್ಕನಿಗೆ ಹಬ್ಬದ ಸೀರೆ ತೆಗೆದುಕೊಂಡು ಅವಳ ಹೊಸ ಮನೆಗೆ ಹೋದೆ. ಅದು ತವರಿನವರು ಕೊಡುವುದು, ನಮ್ಮ ಮನೆಯಲ್ಲಿ ಉಳಿದ ತವರು ಎಂದರೆ ನಾನು. ಮೇಷ್ಟ್ರು ಆಗಲೇ ಬಂದು ಚಾಪೆಯ ಮೇಲೆ ಕೂತಿದ್ದರು. ಪಕ್ಕದಲ್ಲಿ ಒಂದು ಸೀರೆ, ಅಕ್ಕನ ಮೊಮ್ಮಗಳಿಗೆ ಬಳೆ, ಒಂದು ಮರದ ಗಿಲಕಿ. ಸೀರೆಯನ್ನು ಅವರ ಹೆಂಡತಿ ಆರಿಸಿದ್ದಂತೆ. ಬಣ್ಣ ಚೆನ್ನಾಗಿತ್ತು; ನನ್ನದಕ್ಕಿಂತ ಚೆನ್ನಾಗಿತ್ತು.

"ಬನ್ನಿ ಗೌಡ್ರೇ, ನೀವು ಹಳೇ ತಮ್ಮ. ಮೊದ್ಲು ನೀವು ಕೊಡಿ" ಎಂದು ಅವರು ಎದ್ದು ಜಾಗ ಬಿಟ್ಟರು.

ಅಂದಿನಿಂದ ಅವರು ಒಂದು ವರ್ಷವೂ ತಪ್ಪಿಸಲಿಲ್ಲ. ಉಪವಾಸದ ತಿಂಗಳಲ್ಲಿ ಹಬ್ಬ ಬಂದಾಗ ನೀರೂ ಕುಡಿಯದೆ ಕೂತು, ಸೀರೆ ಕೊಟ್ಟು ಹೋಗುತ್ತಿದ್ದರು. ಅಕ್ಕ ಅವರ ಪಾಲಿನ ಕಡುಬನ್ನು ಡಬ್ಬಿಗೆ ಹಾಕಿ ಕಟ್ಟಿಕೊಡುತ್ತಿದ್ದಳು. ಅಕ್ಕ ಮದುವೆ ಮನೆಗಳಿಗೆ ಉಡುತ್ತಿದ್ದುದು ಅವರ ಸೀರೆ. ನನ್ನದನ್ನು ತೋಟಕ್ಕೆ ಉಡುತ್ತಿದ್ದಳು. ತೋಟಕ್ಕೆ ದಿನಾ ಹೋಗುತ್ತಾಳೆ, ಮದುವೆ ವರ್ಷಕ್ಕೊಂದೆರಡು ಎಂದು ನಾನು ನನಗೇ ಹೇಳಿಕೊಂಡದ್ದುಂಟು.

ಹೋದ ತಿಂಗಳು ಸುದ್ದಿ ಬಂದಾಗ ನಾನೇ ಅವಳನ್ನು ಚನ್ನಪಟ್ಟಣಕ್ಕೆ ಕರೆದುಕೊಂಡು ಹೋದೆ. ಅವರ ಮನೆಯ ಬಾಗಿಲಲ್ಲಿ, ಅವರ ಹೆಂಡತಿಯನ್ನು ತಬ್ಬಿಕೊಂಡು, "ನನ್ ತಮ್ಮ ಹೋಗ್ಬುಟ್ಟ ಕಣವ್ವಾ, ನಂಗಿದ್ದೋನು ಅವನೊಬ್ಬ" ಎಂದು ಅತ್ತಳು. ನಾನು ಅವಳ ಚಪ್ಪಲಿಯ ಪಕ್ಕದಲ್ಲಿ ನನ್ನ ಚಪ್ಪಲಿ ಬಿಡುತ್ತಿದ್ದೆ. ಗಂಡಸರ ಜೊತೆ ಮಣ್ಣಿಗೆ ಹೋದೆ. ಎಲ್ಲರೂ ಮೂರು ಹಿಡಿ ಮಣ್ಣು ಹಾಕಿದರು, ನಾನೂ ಹಾಕಿದೆ. ಒಣ ಮಣ್ಣು, ಕೈಯಿಂದ ಬಿಡಿಬಿಡಿಯಾಗಿ ಬಿತ್ತು. ವಾಪಸ್ ಬರುವಾಗ ತಿಳಿಯಿತು: ಗುಡ್ಡದ ಮೇಲೆ ನಾನಿದ್ದೆ ಎಂದು ಸಾಕ್ಷಿ ಹೇಳುತ್ತಿದ್ದವರು ಅವರೊಬ್ಬರೇ. ಅಷ್ಟು ಜನರಲ್ಲಿ ನನ್ನ ಮಾತು ತಲುಪಿದ್ದೂ ಅವರೊಬ್ಬರಿಗೇ, ಅದೂ ನಾನು ಬಾಯಿ ಬಿಟ್ಟು ಹೇಳದೆ.

ಅಂದು ಅಲ್ಲಿದ್ದು ಈಗಲೂ ಬದುಕಿರುವ ಕೆಲವರ ಹೆಸರು ಬರೆಯುತ್ತೇನೆ. ನಮ್ಮಕ್ಕ ಜಯಮ್ಮ, ಹಳ್ಳದ ಆಚೆ ತೋಟದ ಮನೆಯಲ್ಲಿದ್ದಾಳೆ, ಮಂಡಿ ನೋವು ಬಿಟ್ಟರೆ ಗಟ್ಟಿಯಾಗಿದ್ದಾಳೆ. ಡೇರಿಯ ಶಿವಲಿಂಗಯ್ಯ, ಕನಕಪುರದಲ್ಲಿ ಮಗಳ ಮನೆಯಲ್ಲಿದ್ದಾನೆ. ಸ್ಕೂಟರ್ ಎತ್ತಲು ಬಗ್ಗಿದ ಮರಿಗೌಡ, ದೊಡ್ಡಿಯಲ್ಲೇ ಇದ್ದಾನೆ. ಸೈರನ್ ಊದುತ್ತಿದ್ದ ಪುಟ್ಟಮಾದ, ಹಾರೋಹಳ್ಳಿಯ ಕಾರ್ಖಾನೆಯೊಂದರ ಗೇಟಿನಲ್ಲಿ ಕಾವಲಿದ್ದಾನೆ. ಮತ್ತೆ ನಾನು. ಇವರಲ್ಲಿ ಯಾರನ್ನು ಕೇಳಿದರೂ ಮೊದಲು ಮೇಷ್ಟ್ರ ಹೆಸರು ಹೇಳುತ್ತಾರೆ. ಇಷ್ಟೆಲ್ಲ ಬರೆದ ನಾನು ಮಾತ್ರ ಅದೊಂದನ್ನು ಬರೆದಿಲ್ಲ.